ಮೂವತ್ತೆರಡರ ಟ್ರಿಗರ್

"ಕೊಲ್ಲೋಕೆ ಹೊರಟೋರಿಗೆ ಪಂದ್ಯದ ನಿಯಮ ಯಾಕೆ ಬೇಕಿತ್ತು?"

ಇನ್‌ಸ್ಪೆಕ್ಟರ್ ಡೆಲ್ಫಿನಾ ಪೆಡ್ರೆಟ್ಟಿ ಈ ಮಾತು ಕೇಳಿದ್ದು ಯಾರನ್ನೂ ಅಲ್ಲ. ಪಿಯೆವೆ ಠಾಣೆಯ ಹಿಂಬದಿಯ ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ಕೈಯಲ್ಲಿದ್ದ ಪಿಸ್ತೂಲು ಮಾತ್ರ ಆಗಲೇ ಒಂದು ಉತ್ತರ ಕೊಟ್ಟು ಸುಮ್ಮನಾಗಿತ್ತು.

ಅವಳು ಇನ್ನೊಮ್ಮೆ ಮಾಡಿ ನೋಡಿದಳು. ಖಾಲಿ ಪಿಸ್ತೂಲಿನ ಮೂತಿಯನ್ನು ಸೂರಿನ ಕಡೆ ನೆಟ್ಟಗೆ ಹಿಡಿದು, ತೂಕದ ಕೊಕ್ಕೆಯನ್ನು ಟ್ರಿಗರಿಗೆ ಸಿಕ್ಕಿಸಿ, ಮೇಜಿನ ಮೇಲಿದ್ದ ತೂಕವನ್ನು ಮೆಲ್ಲಗೆ ಎತ್ತಿದಳು. ಒಂದು ಕಿಲೋ ಗಾಳಿಯಲ್ಲಿ ತೂಗಿತು, ಟ್ರಿಗರ್ ಜಗ್ಗಲಿಲ್ಲ. ಹಿತ್ತಾಳೆಯ ಬಿಲ್ಲೆ ಸೇರಿಸಿ ಒಂದು ಕಿಲೋ ಮುನ್ನೂರ ಅರವತ್ತು ಗ್ರಾಂ ಮಾಡಿದಳು. ಆಗಲೂ ಜಗ್ಗಲಿಲ್ಲ. ಇನ್ನೊಂದು ಚೂರು ಸೇರಿಸಿದ ಮೇಲೆ ಟಿಕ್ ಎಂದಿತು.

ಆ ಸದ್ದಿಗೆ ಅವಳು ಕಿವಿಗೊಟ್ಟು ಕಾದಿದ್ದಳು. ಜಪಮಾಲೆಯ ಒಂದೊಂದು ಸಾಲಿಗೂ ಊರೆಲ್ಲ ಒಂದೇ ದನಿಯಲ್ಲಿ ಓಗೊಡುವುದನ್ನು ಕೇಳುತ್ತ ಬೆಳೆದವಳು ಅವಳು. ಎಲ್ಲಿ ಯಾವ ಸದ್ದು ಬರಬೇಕು, ಎಲ್ಲಿ ಬರಬಾರದು ಎನ್ನುವುದು ಅವಳಿಗೆ ಬುದ್ಧಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಈ ಪಿಸ್ತೂಲು ಒಂದು ಕಿಲೋ ದಾಟಿದೊಡನೆ ಟಿಕ್ ಎನ್ನಬೇಕಾಗಿತ್ತು.

ಸಂತ ಬಾರ್ಬರಾಳ ಹಬ್ಬದ ಬೆಳಗ್ಗೆ, ಊರೆಲ್ಲ ಮೆರವಣಿಗೆಯಲ್ಲಿದ್ದಾಗ, ಶೂಟಿಂಗ್ ಕ್ಲಬ್ಬಿನ ತರಬೇತುದಾರ ಎವರಿಸ್ಟೋ ಗಿದೀನಿ ಎದೆಗೆ ಗುಂಡು ಬಿದ್ದು ಸತ್ತಿದ್ದ. ಗುಂಡು ಹಾರಿಸಿದ ಪಿಸ್ತೂಲು ಅದೇ ಕ್ಲಬ್ಬಿನಲ್ಲಿ, ಪಂದ್ಯಗಾರ್ತಿ ಅರ್ಮಿದಾ ಬೊಂಟೆಂಪಿಯ ಬೀರುವಿನಲ್ಲಿ ಸಿಕ್ಕಿತ್ತು. ಅರ್ಮಿದಾ ಈಗ ಇದೇ ಗೋಡೆಯ ಆಚೆ, ಲಾಕಪ್ಪಿನಲ್ಲಿದ್ದಳು.

ಬಂದೂಕು ಮಾಡಿಯೇ ಬದುಕುವ ಈ ಕಣಿವೆಯಲ್ಲಿ ಪಂದ್ಯದ ಪಿಸ್ತೂಲಿನ ಸಂಗತಿ ಅಜ್ಜಿಯರಿಗೂ ಗೊತ್ತು. ಚೌಕಟ್ಟು ಒಂದೇ, ಕೈಯಳತೆಗೆ ಕೆತ್ತಿದ ಅಕ್ರೋಟು ಮರದ ಹಿಡಿಯೂ ಒಂದೇ. ಮೇಲಿನ ಭಾಗವನ್ನು ನಳಿಗೆಯ ಸಮೇತ ತೆಗೆದು ಇನ್ನೊಂದನ್ನು ಕೂರಿಸಿದರೆ ಇಪ್ಪತ್ತೆರಡರ ಸಣ್ಣ ಗುಂಡಿನದು ಮೂವತ್ತೆರಡರ ದೊಡ್ಡ ಗುಂಡಿನದಾಗುತ್ತದೆ. ಬೆಳಗ್ಗೆ ಸಣ್ಣ ಗುಂಡಿನ ಪಂದ್ಯ, ಮಧ್ಯಾಹ್ನ ದೊಡ್ಡ ಗುಂಡಿನ ಪಂದ್ಯ. ಕೈಗೆ ಒಗ್ಗಿದ ಹಿಡಿ ಮಾತ್ರ ಬದಲಾಗಬಾರದು, ಅಷ್ಟೆ.

ಆದರೆ ಪಂದ್ಯದ ನಿಯಮದಲ್ಲಿ ಇನ್ನೊಂದು ಮಾತಿದೆ. ಸಣ್ಣ ಗುಂಡಿಗೆ ಟ್ರಿಗರ್ ಒಂದು ಕಿಲೋ ತಡೆದರೆ ಸಾಕು. ದೊಡ್ಡ ಗುಂಡಿಗೆ ಅದಕ್ಕಿಂತ ಬಿಗಿ ಇರಬೇಕು, ಒಂದು ಕಿಲೋ ಮುನ್ನೂರ ಅರವತ್ತು ಗ್ರಾಂ ತಡೆಯಬೇಕು. ಅದಕ್ಕೇ ಟ್ರಿಗರುಗಳೂ ಎರಡು. ಎರಡು ಪಿನ್ನು ಕಿತ್ತು, ಒಂದನ್ನು ತೆಗೆದು, ಇನ್ನೊಂದನ್ನು ಕೂರಿಸಬೇಕು. ಮರೆತರೆ ತೂಕ ನೋಡುವ ಮೇಜಿನಲ್ಲೇ ಪಂದ್ಯ ಮುಗಿಯುತ್ತದೆ.

ಮನುಷ್ಯನ ಎದೆಗೆ ಗುಂಡು ಹೊಡೆಯುವುದಕ್ಕೆ ಯಾವ ತೂಕದ ಮೇಜೂ ಅಡ್ಡ ಬರುವುದಿಲ್ಲ. ಸಡಿಲ ಟ್ರಿಗರಿನಿಂದಲೂ ಎವರಿಸ್ಟೋ ಅಷ್ಟೇ ಚೆನ್ನಾಗಿ ಸಾಯುತ್ತಿದ್ದ. ಹೀಗಿದ್ದೂ ಯಾರೋ, ಸಿಕ್ಕಿಬೀಳುವ ಭಯದ ನಡುವೆಯೂ, ಎರಡು ಪಿನ್ನು ಕಿತ್ತು, ಅರ್ಮಿದಾಳ ಟ್ರಿಗರ್ ತೆಗೆದು, ಮೂವತ್ತೆರಡರ ಟ್ರಿಗರ್ ಹಾಕಿ, ಆಮೇಲೆ ಕೊಂದಿದ್ದರು.

ಡೆಲ್ಫಿನಾ ಇದನ್ನು ಹೇಳಲು ಬ್ರೆಷಾ ನಗರದಿಂದ ಬಂದಿದ್ದ ಕಮಿಷನರ್ ಲಾಟಾಂಜಿಯ ಬಳಿ ಹೋದಳು. ಹೋಗಬಾರದಿತ್ತು.

ಕಮಿಷನರ್ ಠಾಣಾಧಿಕಾರಿಯ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಅವಳ ಮಾತನ್ನು ಅರ್ಧಕ್ಕೇ ತಡೆದು, ತಾನು ಹೇಳಬೇಕಾದ್ದನ್ನು ಮಕ್ಕಳಿಗೆ ಪಾಠ ಹೇಳಿಕೊಡುವಂತೆ ಹೇಳಿದ. ಕಾನೂನಿನ ಕಣ್ಣಿಗೆ ಚೌಕಟ್ಟೇ ಪಿಸ್ತೂಲು, ಮೇಲಿನದೆಲ್ಲ ಬಟ್ಟೆಬರೆ. ಚೌಕಟ್ಟಿನ ನಂಬರು ಅರ್ಮಿದಾಳದು. ಮೇಲೆ ಕೂರಿಸಿದ್ದ ನಳಿಗೆಯ ನಂಬರು ಅವಳ ಸತ್ತ ಅಪ್ಪ ಅಟ್ಟಿಲಿಯೋ ಬೊಂಟೆಂಪಿಯದು. ಅಪ್ಪನ ನಳಿಗೆ, ಮಗಳ ಚೌಕಟ್ಟು, ಹಬ್ಬದ ದಿನ ನೆಗಡಿಯೆಂದು ಮನೆಯಲ್ಲಿ ಒಬ್ಬಳೇ ಮಲಗಿದ್ದೆ ಎನ್ನುವ ಕಥೆ. ಸಾಲದ್ದಕ್ಕೆ ಹಿಂದಿನ ವಾರವಷ್ಟೇ ಎವರಿಸ್ಟೋ ಅವಳ ಹೆಸರನ್ನು ರಾಷ್ಟ್ರೀಯ ಆಯ್ಕೆಯಿಂದ ಹೊಡೆದುಹಾಕಿದ್ದ. ಇನ್ನೇನು ಬೇಕು?

ಹಾಗಾದರೆ ಅವಳ ಸ್ವಂತ ಟ್ರಿಗರ್ ಎಲ್ಲಿ ಹೋಯಿತು ಎಂದು ಡೆಲ್ಫಿನಾ ಕೇಳಿದಳು. ಬೀರುವಿನಲ್ಲಿ ಇಲ್ಲ, ಮನೆಯಲ್ಲಿ ಇಲ್ಲ. ಆ ಟ್ರಿಗರನ್ನು ಅವಳು ವರ್ಷವಿಡೀ ತಿದ್ದಿದ್ದಾಳೆ. ಕಣ್ಣು ಬೇಕಾದರೂ ಕಳೆದುಕೊಂಡಾಳು, ಅದನ್ನು ಕಳೆದುಕೊಳ್ಳುವವಳಲ್ಲ.

ಮೆಲ್ಲಾ ನದಿಗೆ ಎಸೆದಿರಬೇಕು ಎಂದ ಕಮಿಷನರ್. ಸಂಜೆ ಮ್ಯಾಜಿಸ್ಟ್ರೇಟರ ಸಹಿ ಬೀಳುತ್ತದೆ, ವ್ಯಾನು ಅವಳನ್ನು ಬ್ರೆಷಾದ ಜೈಲಿಗೆ ಒಯ್ಯುತ್ತದೆ ಎಂದೂ ಹೇಳಿದ. ಆಮೇಲೆ ಲೋಟ ಮುಂದೆ ಚಾಚಿ, ಅತ್ಯಂತ ಮೃದುವಾಗಿ, ಇನ್ನೊಂದು ಕಾಫಿ ಸಿಗಬಹುದೇ ಎಂದ.

ಡೆಲ್ಫಿನಾ ಲೋಟ ತೆಗೆದುಕೊಳ್ಳಲಿಲ್ಲ. ಬಾಗಿಲು ಹಾಕಿಕೊಳ್ಳುವಾಗ ಸದ್ದು ಮಾಡಲಿಲ್ಲ. ಸದ್ದು ಮಾಡಿದ್ದರೆ ಸಿಟ್ಟಿನಲ್ಲಿ ಅರ್ಧವಾದರೂ ಅಲ್ಲೇ ಕಳೆದುಹೋಗುತ್ತಿತ್ತು. ಅದು ಪೂರ್ತಿ ಅವಳಿಗೆ ಬೇಕಾಗಿತ್ತು.

ಕ್ಲಬ್ಬು ಊರಿನ ಮೇಲಿನ ತಿರುವಿನಲ್ಲಿದೆ. ಕೊಲೆಯಾದಂದಿನಿಂದ ಬಾಗಿಲು ಮುಚ್ಚಿದ್ದರೂ ಮುದಿ ಅಧ್ಯಕ್ಷ ಗೌದೆನ್ಸಿಯೋ ಫೊರೇಸ್ಟಿ ಒಳಗೇ ಇದ್ದ. ಒಲೆಯ ಮೇಲೆ ಚೆಸ್ಟ್‌ನಟ್ ಕಾಯಿ ಹುರಿಯುತ್ತಿದ್ದ. ಮೂವತ್ತೆರಡರ ಪಂದ್ಯಕ್ಕೆ ಊರಿನಿಂದ ಹೋಗುತ್ತಿದ್ದವರು ಇಬ್ಬರೇ. ಒಬ್ಬ ಎವರಿಸ್ಟೋ, ಅವನು ಸತ್ತಿದ್ದ. ಇನ್ನೊಬ್ಬ ಈ ಗೌದೆನ್ಸಿಯೋ. ಇಬ್ಬರಿಗೂ ಎಣ್ಣೆ ಸೀಗೆಕಾಯಿ ಎನ್ನುವುದು ಊರಿಗೆಲ್ಲ ಗೊತ್ತಿದ್ದ ಮಾತು. ಡೆಲ್ಫಿನಾಳ ಲೆಕ್ಕ ಸರಳವಾಗಿತ್ತು: ಮೂವತ್ತೆರಡು ಅಂದೊಡನೆ ಕೈ ತಾನಾಗಿ ಟ್ರಿಗರಿಗೆ ಹೋಗುವುದು ಆ ಪಂದ್ಯದಲ್ಲಿ ಪಳಗಿದವರಿಗೆ ಮಾತ್ರ.

ಮುದುಕ ಅವಳನ್ನು ಕಂಡವನೇ ಕ್ಲಬ್ಬಿನ ಮಾನ ಹೋಯಿತೆಂದು ಶುರುಮಾಡಿದ. ಪತ್ರಿಕೆಯವರು ಬಂದಿದ್ದರಂತೆ, ಗೋಡೆಯ ಮೇಲಿನ ಸಂತ ಬಾರ್ಬರಾಳ ಪಟದ ಫೋಟೋ ತೆಗೆದರಂತೆ, ಇದು ಕೊಲೆಗಡುಕರ ಅಡ್ಡೆ ಎಂದು ಬರೆದರಂತೆ. ಹೆಂಗಸರನ್ನು ಒಳಗೆ ಬಿಟ್ಟಿದ್ದೇ ತಪ್ಪು ಎನ್ನುವ ತನಕ ಬಂದ.

"ಸಿಯೋರ್ ಗೌದೆನ್ಸಿಯೋ, ಕಮಿಷನರಿಗೆ ಚೌಕಟ್ಟಿನ ನಂಬರು ಯಾರದು ಅಂತ ಹೇಳಿದ್ದು ನೀವಲ್ವಾ?"

"ಕೇಳಿದ್ರು, ಹೇಳ್ದೆ."

"ಬೀರುಗಳ ಬೀಗದಕೈ ಎಲ್ಲಿ ನೇತಾಡುತ್ತೆ ಅಂತ ಕೇಳಿದ್ರಾ?"

ಗೌದೆನ್ಸಿಯೋ ಬಾಣಲೆ ಅಲುಗಿಸಿದ. "ಕೇಳ್ಲಿಲ್ಲ."

"ನೀವೂ ಹೇಳ್ಲಿಲ್ಲ."

ಬೀಗದಕೈಗಳೆಲ್ಲ ಸಂತ ಬಾರ್ಬರಾಳ ಪಟದ ಹಿಂದಿನ ಮೊಳೆಯಲ್ಲಿ ಇರುತ್ತವೆ. ಊರಿಗೆ ಊರೇ ಬಲ್ಲ ಗುಟ್ಟು ಅದು. ಯಾರು ಬೇಕಾದರೂ ಅರ್ಮಿದಾಳ ಬೀರು ತೆಗೆಯಬಹುದಿತ್ತು. ಡೆಲ್ಫಿನಾಳ ಮೈ ಉರಿಯಿತು. ಆ ಹುಡುಗಿ ಮೂಗು ಸುರಿಸಿಕೊಂಡು ಗುರಿಹಲಗೆಗೆ ಕಾಗದ ಅಂಟಿಸುತ್ತಿದ್ದ ಕಾಲದಿಂದ ಇವರೆಲ್ಲ ನೋಡಿದ್ದಾರೆ. ಅವಳು ಪದಕ ತಂದಾಗ ಅವಳ ಹೆಗಲ ಮೇಲೆ ಕೈಹಾಕಿ ಫೋಟೋಕ್ಕೆ ನಿಂತಿದ್ದಾರೆ. ಒಂದು ಮೊಳೆಯ ಸಂಗತಿ ಹೇಳಲು ಒಬ್ಬರಿಗೂ ಬಾಯಿ ಬರಲಿಲ್ಲ.

"ಅರ್ಮಿದಾ ಮೂವತ್ತೆರಡು ಹೊಡೀತೀನಿ ಅಂತ ಕೇಳ್ದಾಗ ಏನಂದ್ರಿ ನೀವು?"

"ನಾನಲ್ಲ, ಎವರಿಸ್ಟೋ ಅಂದದ್ದು. ಹೆಂಗಸ್ರಿಗೆ ಇಪ್ಪತ್ತೆರಡು ಸಾಕು ಅಂದ."

"ನೀವೇನಂದ್ರಿ?"

"ನಕ್ಕೆ." ಅವನು ಚೆಸ್ಟ್‌ನಟ್ಟಿನ ಸಿಪ್ಪೆ ಒಲೆಗೆ ಎಸೆದ. "ಎಲ್ರೂ ನಕ್ರು, ನಾನೂ ನಕ್ಕೆ. ಅದಕ್ಕೆ ಯಾವ ಕಾಯ್ದೆ ಇದೆ, ಇನ್‌ಸ್ಪೆಕ್ಟರಮ್ಮ?"

"ಇಲ್ಲ. ಇದ್ದಿದ್ರೆ ಒಂದು ವ್ಯಾನು ಸಾಲ್ತಾ ಇರ್ಲಿಲ್ಲ."

ಮುದುಕನ ಮುಖ ಕೆಂಪಾಯಿತು. ಡೆಲ್ಫಿನಾ ಅವನನ್ನು ತಣ್ಣಗಾಗಲು ಬಿಡಲಿಲ್ಲ. ಸಿಟ್ಟಿನಲ್ಲಿರುವವನ ಕೈ ಸುಳ್ಳು ಹೇಳುವುದಿಲ್ಲ. ಅವನ ಪಿಸ್ತೂಲು ತೆಗೆಯಲು ಹೇಳಿದಳು. ಇಪ್ಪತ್ತೆರಡನ್ನು ಮೂವತ್ತೆರಡು ಮಾಡಿ ತೋರಿಸಿ, ಎಷ್ಟು ಹೊತ್ತು ಹಿಡಿಯುತ್ತದೆ ನೋಡಬೇಕು ಎಂದಳು. ಕಾರಣ ಹೇಳಲಿಲ್ಲ. ಟ್ರಿಗರ್ ಎಂಬ ಮಾತನ್ನೇ ಎತ್ತಲಿಲ್ಲ.

ಗೌದೆನ್ಸಿಯೋ ಗೊಣಗುತ್ತಲೇ ಪೆಟ್ಟಿಗೆ ತಂದು ಮೇಜಿನ ಮೇಲೆ ಬಿಚ್ಚಿದ. ಚೌಕಟ್ಟು, ಎರಡು ಮೇಲ್ಭಾಗ, ಎರಡು ಮ್ಯಾಗಜೀನು, ಎಣ್ಣೆಬಟ್ಟೆಯಲ್ಲಿ ಸುತ್ತಿದ ಬಿಗಿ ಟ್ರಿಗರ್. ಎಲ್ಲ ಅದರದರ ಗುಳಿಯಲ್ಲಿ ಮಲಗಿದ್ದವು. ಅವನ ಬಾಯಿ ಎವರಿಸ್ಟೋನನ್ನು ಬಯ್ಯುತ್ತಿತ್ತು. ಸತ್ತವನನ್ನು ಬಯ್ಯಬಾರದೆಂದು ನಡುನಡುವೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿತ್ತು ಕೈ. ಸಣ್ಣ ನಳಿಗೆ ಹೊರಗೆ ಬಂತು. ದೊಡ್ಡದು ಒಳಗೆ ಕೂತಿತು, ಕಟ್ ಎಂದಿತು. ಮ್ಯಾಗಜೀನು ಕೂತಿತು, ಕಟ್ ಎಂದಿತು.

ಡೆಲ್ಫಿನಾ ಎಣ್ಣೆಬಟ್ಟೆಯ ಗಂಟಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

ಗೌದೆನ್ಸಿಯೋ ಪಿಸ್ತೂಲನ್ನು ಅವಳ ಕಡೆ ತಳ್ಳಿ, ಚೆಸ್ಟ್‌ನಟ್ಟಿಗೆ ಕೈಹಾಕಿದ. "ಆಯ್ತು. ಮೂವತ್ತೆರಡು."

"ಆಯ್ತಾ?"

"ಆಗ್ದೆ ಇನ್ನೇನು, ಪಾದ್ರಿ ಬಂದು ನೀರು ಚಿಮುಕಿಸ್ಬೇಕಾ?"

"ಟ್ರಿಗರು?"

"ಏನು ಟ್ರಿಗರು? ಪಂದ್ಯ ಇದ್ರೆ ಬದಲಾಯಿಸ್ತೀನಿ. ಸುಮ್ನೆ ನಿಂಗೆ ತೋರಿಸೋಕೆ ಯಾರಮ್ಮ ಎರಡು ಪಿನ್ನು ಕಿತ್ಕೊಂಡು ಕೂರ್ತಾರೆ? ಅಭ್ಯಾಸಕ್ಕೂ ನಾವ್ಯಾರೂ ಬದಲಾಯಿಸೋಲ್ಲ. ಎವರಿಸ್ಟೋನೂ ಬದಲಾಯಿಸ್ತಿರ್ಲಿಲ್ಲ. ಸೋಮಾರಿ, ನನಗಿಂತ ಸೋಮಾರಿ." ಮತ್ತೆ ಶಿಲುಬೆಯ ಗುರುತು.

ಡೆಲ್ಫಿನಾಳ ಲೆಕ್ಕ ಮೇಜಿನ ಮೇಲೆಯೇ ಮುರಿದುಬಿತ್ತು. ಅವಳು ಗೌದೆನ್ಸಿಯೋನ ಕೈಗಳನ್ನು ನೋಡುತ್ತ ಕೂತಳು. ದಪ್ಪ ಬೆರಳುಗಳು, ಸಿಪ್ಪೆಯ ಮಸಿ ಹತ್ತಿದ ಉಗುರುಗಳು. ಅವು ಸುಳ್ಳು ಹೇಳಿದಂತೆ ಅವಳಿಗೆ ಅನ್ನಿಸಲಿಲ್ಲ. ಅವಸರದಲ್ಲಿ ಈ ಕೈ ಆ ಕೆಲಸ ಮಾಡುವುದಿಲ್ಲ.

ಹಾಗಾದರೆ ಯಾವಾಗಲೂ ಬದಲಾಯಿಸುವವರು ಯಾರೂ ಇಲ್ಲವೇ, ಎಂದು ಕೇಳಿದಳು.

ಮುದುಕ ಅಗಿಯುವುದನ್ನು ನಿಲ್ಲಿಸಿದ. ಅವನ ಸಿಟ್ಟು ಇಳಿದು, ಅದರ ಜಾಗದಲ್ಲಿ ಹಳೆಯ ಗೆಳೆತನದ್ದೊಂದು ನಗು ಬಂತು.

"ಒಬ್ಬ ಇದ್ದ, ಹುಚ್ಚ. ಅಟ್ಟಿಲಿಯೋ. ಅರ್ಮಿದಾಳ ಅಪ್ಪ. ಪಂದ್ಯ ಇರ್ಲಿ ಬಿಡ್ಲಿ, ಗುಂಡು ಇರ್ಲಿ ಬಿಡ್ಲಿ, ನಳಿಗೆ ಬದಲಾಯಿಸಿದ್ರೆ ಟ್ರಿಗರ್ ಬದಲಾಯಿಸ್ಲೇಬೇಕು. ಒಂದನ್ನ ಬಿಟ್ಟು ಒಂದನ್ನ ಹಾಕಿದ್ರೆ ಪಾಪ ಅನ್ನೋನು. ಇಗರ್ಜೀಲಿ ಪ್ರಾರ್ಥನೆ ಹೇಳ್ದಂಗೆ ಹೇಳೋನು: ನಳಿಗೆ, ಮ್ಯಾಗಜೀನು, ಟ್ರಿಗರು. ನಳಿಗೆ, ಮ್ಯಾಗಜೀನು, ಟ್ರಿಗರು. ನಾವು ಹಿಂದಿಂದ 'ನಮಗಾಗಿ ಪ್ರಾರ್ಥಿಸು' ಅಂತ ಓಗೊಟ್ಟು ನಗ್ತಿದ್ವಿ."

ಮಗಳಿಗೂ ಹಾಗೇ ಕಲಿಸಿದ್ದನೇ ಎಂದು ಕೇಳಿದಳು ಡೆಲ್ಫಿನಾ. ಅವಳು ಬಿಡಿಸಲು ಹೊರಟ ಗಂಟು ಅರ್ಮಿದಾಳ ಕೊರಳಿಗೇ ಬಿಗಿಯುತ್ತಿತ್ತು.

ಕಲಿಸಿದ್ದ ಎಂದ ಗೌದೆನ್ಸಿಯೋ. ಅಡುಗೆಮನೆಯ ಮೇಜಿನ ಮೇಲೆ, ಮೆಕ್ಕೆಜೋಳದ ಪೊಲೆಂಟಾ ಗಂಜಿ ಬೇಯುವಷ್ಟು ಹೊತ್ತಿನಲ್ಲಿ, ಕಣ್ಣಿಗೆ ಬಟ್ಟೆ ಕಟ್ಟಿ ಬಿಚ್ಚಿಸುತ್ತಿದ್ದ, ಜೋಡಿಸುತ್ತಿದ್ದ. ಆದರೆ ಅವನ ಹತ್ತಿರ ಕಲಿತದ್ದು ಅವಳೊಬ್ಬಳೇ ಅಲ್ಲ. ಅಟ್ಟಿಲಿಯೋ ಕಾಯಿಲೆ ಬಿದ್ದ ಕೊನೆಯ ಚಳಿಗಾಲದಲ್ಲಿ ಇನ್ನೊಬ್ಬರು ಬರುತ್ತಿದ್ದರು. ಮಗಳಿಗಿಂತ ಚೆನ್ನಾಗಿ ಬದಲಾಯಿಸುತ್ತಾರೆ, ನಿದ್ದೆಯಲ್ಲೂ ಟ್ರಿಗರ್ ಮರೆಯುವುದಿಲ್ಲ ಎಂದು ಅಟ್ಟಿಲಿಯೋ ಬಾರಿನಲ್ಲಿ ಕೂತು ಹೊಗಳಿದ್ದ. ಯಾರು ಎಂದು ಎಷ್ಟು ಕೇಳಿದರೂ ಬಾಯಿ ಬಿಟ್ಟಿರಲಿಲ್ಲ. ಕ್ಲಬ್ಬಿಗೆ ತಂದರೆ ನೀವು ನಗುತ್ತೀರಿ ಎಂದಿದ್ದ.

"ಅರ್ಮಿದಾಗೆ ಗೊತ್ತಿರುತ್ತೆ," ಎಂದ ಗೌದೆನ್ಸಿಯೋ. "ಅವರ ಮನೇದೇ ಅಡುಗೆಮನೆ ಅಲ್ವಾ."

ಡೆಲ್ಫಿನಾ ಮೇಲೆದ್ದಳು. ಪಟದ ಹಿಂದಿನ ಬೀಗದಕೈಗಳ ಸಂಗತಿಯನ್ನು ಇವತ್ತೇ ಠಾಣೆಗೆ ಬಂದು ಬಾಯಿಬಿಟ್ಟು ಹೇಳಬೇಕು ಎಂದಳು. ಮುದುಕ ಒಲೆಯನ್ನು ನೋಡುತ್ತ, ಬರುತ್ತೇನೆ ಎಂದ.

ಇಳಿಜಾರಿನ ದಾರಿಯುದ್ದಕ್ಕೂ ಅವಳಿಗೆ ಒಂದೊಂದೇ ಸಂಗತಿ ಅದರದರ ಗುಳಿಯಲ್ಲಿ ಬಂದು ಕೂತಿತು. ಕೊಂದವರಿಗೆ ಅರ್ಮಿದಾಳ ಬೀರೇ ಯಾಕೆ ಬೇಕಾಗಿತ್ತು? ಅವರ ಬಳಿ ಇದ್ದದ್ದು ಅರ್ಧ ಪಿಸ್ತೂಲು, ಅದಕ್ಕೆ. ಅಟ್ಟಿಲಿಯೋನದು ಒಂದೇ ಚೌಕಟ್ಟು. ಅದು ಮಗಳಿಗೆ ಬಂತು, ಇಪ್ಪತ್ತೆರಡರ ನಳಿಗೆಯ ಜೊತೆಗೆ. ಮೂವತ್ತೆರಡರ ಭಾಗಗಳು ಅಪ್ಪ ಸತ್ತ ಮೇಲೆ ಮನೆಯಲ್ಲಿಲ್ಲ ಎಂದು ಅರ್ಮಿದಾ ಮೊದಲ ದಿನವೇ ಹೇಳಿದ್ದಳು. ಮಾರಿರಬೇಕು ಎಂದು ಎಲ್ಲರೂ ತಿಳಿದರು. ಮಾರಿರಲಿಲ್ಲ. ಅಪ್ಪನ ಹತ್ತಿರ ಕಲಿತವರಿಗೇ ಅರ್ಮಿದಾ ಕೊಟ್ಟಿದ್ದಳು. ನಳಿಗೆ, ಮ್ಯಾಗಜೀನು, ಟ್ರಿಗರು ಮೂರನ್ನೂ ಇಟ್ಟುಕೊಂಡು, ಚೌಕಟ್ಟಿಲ್ಲದೆ ಒಂದು ಗುಂಡನ್ನೂ ಹಾರಿಸಲಾಗದೆ ಯಾರೋ ಕೂತಿದ್ದರು. ಅದಕ್ಕೆ ಸರಿಹೊಂದುವ ಚೌಕಟ್ಟು ಯಾವ ಬೀರುವಿನಲ್ಲಿದೆ, ಬೀಗದಕೈ ಯಾವ ಮೊಳೆಯಲ್ಲಿದೆ ಎಂದು ಅವರಿಗೆ ಗೊತ್ತಿತ್ತು.

ಒಂದು ಹೆಸರು. ಅರ್ಮಿದಾ ಅದೊಂದು ಹೆಸರು ಹೇಳಿದರೆ ಕಮಿಷನರನ ಮೇಜಿನ ಮೇಲೆ ಅದನ್ನು ಇಡಬಹುದು, ಅವನ ಕಾಫಿ ಲೋಟದ ಪಕ್ಕದಲ್ಲೇ.

ಠಾಣೆಯ ಅಂಗಳದಲ್ಲಿ ವ್ಯಾನು ಆಗಲೇ ಬಂದು ನಿಂತಿತ್ತು. ಚಾಲಕ ಗಾಲಿಗಳಿಗೆ ಚಳಿಗಾಲದ ಸರಪಳಿ ಹಾಕುತ್ತಿದ್ದ.

ಲಾಕಪ್ಪಿನ ಹೊರಗೇ ಅರ್ಮಿದಾಳ ದನಿ ಕೇಳುತ್ತಿತ್ತು. ಬೆಳಗಿನಿಂದ ಅವಳು ಹೀಗೇ ಜಗಳವಾಡುತ್ತಿದ್ದಳು. ಊಟದ ತಟ್ಟೆಯನ್ನು ಎರಡು ಸಲ ಹಿಂದೆ ಕಳಿಸಿದ್ದಳು. ಮ್ಯಾಜಿಸ್ಟ್ರೇಟರನ್ನು ಕರೆಸಿ ಎಂದಿದ್ದಳು. ಆ ಕಮಿಷನರನನ್ನು ತನ್ನೆದುರು ಕೂರಿಸಿ, ಪಿಸ್ತೂಲಿನ ಯಾವ ತುದಿಯಿಂದ ಗುಂಡು ಬರುತ್ತದೆ ಎಂದು ಕೇಳುತ್ತೇನೆ ಎಂದಿದ್ದಳು. ಕಾವಲಿನ ಪೇದೆಗೆ ಕಿವಿ ಮುಚ್ಚಿಕೊಳ್ಳುವಷ್ಟಾಗಿತ್ತು.

ಡೆಲ್ಫಿನಾಳನ್ನು ಕಂಡು ಅವಳು ಸರಳುಗಳ ಬಳಿ ಬಂದಳು. ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನವರು.

"ಬಂದ್ಯಾ? ನಿನ್ನ ದೊಡ್ಡ ಸಾಹೇಬ್ರು ಕಾಫಿ ಕುಡಿದು ಮುಗಿಸಿದ್ರಾ, ಇಲ್ಲ ಸಕ್ಕರೆ ಕಮ್ಮಿಯಾಯ್ತಾ?"

"ಅರ್ಮಿದಾ, ಕೇಳು. ನೀನು ಇಲ್ಲಿಂದ ಹೊರಗೆ ಹೋಗೋ ದಾರಿ ಸಿಕ್ಕಿದೆ."

ಅವಳು ನಿಧಾನವಾಗಿ ಹೇಳಿದಳು. ತೂಕ ಕಟ್ಟಿದ್ದು, ಒಂದು ಕಿಲೋ ತಡೆದದ್ದು, ಅದಕ್ಕಿಂತ ಹೆಚ್ಚನ್ನೂ ತಡೆದದ್ದು. ನಳಿಗೆ ಮಾತ್ರವಲ್ಲ, ಟ್ರಿಗರನ್ನೂ ಬದಲಾಯಿಸಿ ಕೊಂದಿದ್ದಾರೆ ಎಂದಳು. ಅಪ್ಪನ ಭಾಗಗಳನ್ನು ಯಾರಿಗೆ ಕೊಟ್ಟೆ ಎಂದು ಕೇಳುವ ಮೊದಲೇ ಅವಳು ಗಮನಿಸಿದಳು: ಅರ್ಮಿದಾಳ ಬಾಯಿ ನಿಂತುಹೋಗಿತ್ತು.

ಬೆಳಗಿನಿಂದ ನಿಲ್ಲದಿದ್ದ ದನಿ ನಿಂತಾಗ ಕಾವಲಿನ ಪೇದೆಯೂ ತಲೆಯೆತ್ತಿ ನೋಡಿದ.

"ಟ್ರಿಗರನ್ನೂ?" ಎಂದಳು ಅರ್ಮಿದಾ.

"ಟ್ರಿಗರನ್ನೂ."

"ಅದರ ಮೇಲೆ ಗೆರೆಗಳಿದಾವಾ? ಬೆರಳು ಜಾರದ ಹಾಗೆ ಅರದಿಂದ ಎಳೆದದ್ದು?"

"ಇದಾವೆ. ಸಣ್ಣ ಗೆರೆಗಳು. ನಿಮ್ಮಪ್ಪಂದಾ?"

ಅರ್ಮಿದಾ ಹಿಂದೆ ಹಿಂದೆ ನಡೆದು ಹಲಗೆಯ ಮೇಲೆ ಕೂತಳು. ಅಲ್ಲಿಯವರೆಗೆ ಅವಳ ಮುಖದಲ್ಲಿದ್ದದ್ದು ತನಗಾದ ಅನ್ಯಾಯದ ಸಿಟ್ಟು. ಈಗ ಅದು ದೀಪ ಆರಿಸಿದಂತೆ ಹೋಗಿತ್ತು. ನಳಿಗೆಯನ್ನಾದರೆ ಯಾರು ಬೇಕಾದರೂ ಕದ್ದಿರಬಹುದಿತ್ತು; ಟ್ರಿಗರನ್ನೂ ಬದಲಾಯಿಸುವ ಕೈ ಯಾರದೆಂದು ಅವಳಿಗೆ ಗೊತ್ತಿತ್ತು. ಅವಳು ತನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅವು ಬೇರೆ ಯಾರದೋ ಎನ್ನುವಂತೆ ನೋಡುತ್ತಿದ್ದಳು.

ಡೆಲ್ಫಿನಾ ಸರಳು ಹಿಡಿದು ಬಗ್ಗಿದಳು. ಕೊನೆಯ ಚಳಿಗಾಲದಲ್ಲಿ ನಿಮ್ಮ ಅಡುಗೆಮನೆಗೆ ಬರುತ್ತಿದ್ದವರು ಯಾರು ಎಂದು ಕೇಳಿದಳು. ಅಪ್ಪನ ಭಾಗಗಳನ್ನು ನೀನು ಕೊಟ್ಟದ್ದು ಅವರಿಗೇ ಅಲ್ಲವೇ ಎಂದಳು. ನಿನ್ನನ್ನು ಕೊಲೆಗಾರ್ತಿ ಮಾಡಿ, ನಿನ್ನದೇ ಬೀರುವಿಗೆ ಬೀಗ ಹಾಕಿ ಹೋದವರು ಅವರು; ಅವರಿಗಾಗಿ ನೀನು ಯಾಕೆ ಸುಮ್ಮನಿರಬೇಕು ಎಂದಳು.

ಅಂಗಳದಲ್ಲಿ ವ್ಯಾನಿನ ಎಂಜಿನ್ ಶುರುವಾಯಿತು. ಕಾರಿಡಾರಿನ ಕೊನೆಯಲ್ಲಿ ಕಮಿಷನರ್ ಲಾಟಾಂಜಿ, ಸಹಿಯಾದ ಕಾಗದ ಹಿಡಿದು, ಯಾರನ್ನೋ ತಮಾಷೆ ಮಾಡಿ ನಗುತ್ತ ಬರುತ್ತಿದ್ದ.

"ಒಂದು ಹೆಸರು ಕಣೇ. ಅವನು ಈ ಬಾಗಿಲಿಗೆ ಬರೋದ್ರೊಳಗೆ ಹೇಳು. ಉಳಿದದ್ದೆಲ್ಲ ನಂಗೆ ಬಿಡು."

ಅರ್ಮಿದಾ ತಲೆಯೆತ್ತಿದಳು. ಕಣ್ಣುಗಳು ಒಣಗಿದ್ದವು.

"ಆ ಕಮಿಷನರಿಗೆ ಬೇಕಾದ್ರೆ ನಾನೇ ಕೊಂದೆ ಅಂತ ಬರಕೊಟ್ಟೇನು, ಡೆಲ್ಫಿನಾ. ಆ ಹೆಸರು ಮಾತ್ರ ನಾನು ಹೇಳೋದಿಲ್ಲ. ನಿಂಗೂ ಹೇಳೋದಿಲ್ಲ."